ಅಕ್ಷರದಿಂದ ಸಂಘಟನೆಗೆ: ದೂಬಗುಂಟದ ಪಾಠ

ಸಂಸಾರದಲ್ಲಿ ನೆಮ್ಮದಿಯಿಲ್ಲದೆ ಸಮಾಜದಲ್ಲಿ ಶಾಂತಿ ನೆಲೆಸಲಾರದು. ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದ ಮಹಿಳೆಯರು ಈ ಸತ್ಯವನ್ನು ಅನುಭವದಿಂದಲೇ ಅರಿತಿದ್ದರು. ದುಡಿಮೆಯ ಹಣವು ಸಾರಾಯಿ ಅಂಗಡಿಯ ಪಾಲಾಗುತ್ತಿತ್ತು. ಮನೆಗೆ ಉಳಿಯುತ್ತಿದ್ದುದು ಹಸಿವು ಮತ್ತು ಹೊಡೆತ.

ಸಾಕ್ಷರತಾ ಆಂದೋಲನದ ತರಗತಿಗಳಲ್ಲಿ ಅವರು, ಸೀತಮ್ಮನೆಂಬಾಕೆ ಊರಿನ ಸ್ತ್ರೀಯರನ್ನು ಒಗ್ಗೂಡಿಸಿ ಸಾರಾಯಿ ಅಂಗಡಿಯನ್ನು ಮುಚ್ಚಿಸಿದ ಕಥೆಯನ್ನು ಓದಿದರು. ಓದಿದುದನ್ನು ಆಚರಣೆಗೂ ತಂದರು. 1992ರಲ್ಲಿ ಚಳವಳಿಯು ಜಿಲ್ಲೆಯಾದ್ಯಂತ ಹಬ್ಬಿತು. ಸಾರಾಯಿ ಹರಾಜುಗಳಿಗೆ ಮಹಿಳೆಯರು ತಡೆಯೊಡ್ಡಿದರು. 1993ರ ಅಕ್ಟೋಬರ್‌ನಲ್ಲಿ ಸಾರಾಯಿ ನಿಷೇಧವೂ, 1995ರಲ್ಲಿ ಸಂಪೂರ್ಣ ಪಾನನಿಷೇಧವೂ ರಾಜ್ಯದಲ್ಲಿ ಜಾರಿಗೆ ಬಂದವು.

ಪಾನನಿಷೇಧವು 1997ರಲ್ಲಿ ಸಡಿಲಗೊಂಡಿತು. ಆದರೆ ಚಳವಳಿಯ ಮಹಿಳೆಯರು ದಿನಕ್ಕೊಂದು ರೂಪಾಯಿ ಕೂಡಿಡುವ ಉಳಿತಾಯ ಸಂಘಗಳನ್ನು ಕಟ್ಟಿಕೊಂಡಿದ್ದರು. ಕಾನೂನು ಸಡಿಲವಾದರೂ ಸಂಘಟನೆಯು ಸಡಿಲವಾಗದಂತೆ ಕಾಯುವುದು ಸ್ತ್ರೀಪುರುಷರೆಲ್ಲರ ಹೊಣೆಯಾಗಿದೆ.