ಕೆಸರುಗದ್ದೆಯ ಟ್ರಾಕ್ಟರು: ಗೇರುಪೆಟ್ಟಿಗೆಯ ಎಣ್ಣೆಯನ್ನು ಮನೆಯಲ್ಲಿಯೇ ಬದಲಾಯಿಸುವ ಕ್ರಮ

ಗುತ್ತೂರನ್ನೊಳಗೊಂಡ ಹರಿಹರ ತಾಲ್ಲೂಕಿನಲ್ಲಿ ಭತ್ತವು ಮುಖ್ಯವಾದ ಬೆಳೆಯಾಗಿರುತ್ತದೆ. ಇದಕ್ಕೆ ಬೇಕಾದ ನೀರು ಭದ್ರಾ ನಾಲೆಯಿಂದಲೂ, ತುಂಗಭದ್ರಾ ನದಿಯಿಂದಲೂ, ಕೊಳವೆ ಬಾವಿಗಳಿಂದಲೂ ಒದಗುವುದು. ನಾಲೆಯ ಕೊನೆಯ ಭಾಗದಲ್ಲಿರುವ ಗದ್ದೆಗಳಿಗೆ ನೀರು ಮೇಲಿನವರಿಗಿಂತ ತಡವಾಗಿ ಮುಟ್ಟುವುದೆಂಬುದು ಈ ಸೀಮೆಯ ರೈತರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ನೀರು ಬಂದ ಬಳಿಕ ಗದ್ದೆಯನ್ನು ಹದಮಾಡಿ ನಾಟಿ ಮುಗಿಸುವುದಕ್ಕೆ ದೊರೆಯುವ ದಿನಗಳು ಕೆಲವೇ ಆದುದರಿಂದ, ಆ ದಿನಗಳಲ್ಲಿ ಟ್ರಾಕ್ಟರಿಗೆ ಹಗಲು ರಾತ್ರಿಗಳೆಂಬ ಭೇದವಿರುವುದಿಲ್ಲ. ಅಂಥ ವೇಳೆಯಲ್ಲಿ ಯಂತ್ರವು ಕೆಸರಿನ ನಡುವೆ ನಿಂತುಹೋದರೆ ದುರಸ್ತಿಯ ಖರ್ಚಿಗಿಂತಲೂ ಸಸಿಮಡಿಯಲ್ಲಿ ಬಲಿತುಹೋಗುವ ಸಸಿಗಳ ನಷ್ಟವೇ ಹೆಚ್ಚಾಗುವುದು.

ಎತ್ತುಗಳಿಂದ ಕೆಸರು ಉಳುತ್ತಿದ್ದ ಕಾಲದಲ್ಲಿ ರೈತನು ಸಂಜೆ ಅವುಗಳನ್ನು ನೀರಿಗಿಳಿಸಿ, ಕಾಲುಗಳನ್ನು ತೊಳೆದು, ಗೊರಸಿನ ಸಂದುಗಳನ್ನು ನೋಡಿದ ಹೊರತು ಕೊಟ್ಟಿಗೆಗೆ ಕಟ್ಟುತ್ತಿರಲಿಲ್ಲ. ಟ್ರಾಕ್ಟರನ್ನೂ ಈಗ ತೊಳೆಯುತ್ತಾರೆ, ಸಂದೇಹವಿಲ್ಲ. ಆದರೆ ಅದರ ಹೊಟ್ಟೆಯೊಳಗೆ ಸೇರಿದ ನೀರನ್ನು ನೋಡುವವರು ವಿರಳ. ಎಂಜಿನ್ನಿನ ಎಣ್ಣೆಯನ್ನು ತಪ್ಪದೆ ಬದಲಾಯಿಸುವ ಮನೆಗಳಲ್ಲಿ ಕೂಡ ಗೇರುಪೆಟ್ಟಿಗೆಯ ಎಣ್ಣೆಯು ವರ್ಷಾನುಗಟ್ಟಲೆ ಹಾಗೆಯೇ ಉಳಿದಿರುವುದುಂಟು. ಅದರ ಪ್ರಮಾಣವು ದೊಡ್ಡದು, ಬೆಲೆಯೂ ದೊಡ್ಡದು, ಕಣ್ಣಿಗಂತೂ ಬೀಳದು. ಉದಾಸೀನಕ್ಕೆ ಇಷ್ಟು ಕಾರಣಗಳು ಸಾಕು.

ಟ್ರಾಕ್ಟರಿನ ಗೇರುಪೆಟ್ಟಿಗೆಯು ಹಲ್ಲುಚಕ್ರಗಳ ಒಂದು ಪೆಟ್ಟಿಗೆ ಮಾತ್ರವೇ ಆಗಿರುವುದಿಲ್ಲ. ಬಹು ಮಾದರಿಗಳಲ್ಲಿ ಅದೇ ಕವಚದೊಳಗೆ ಹಿಂದಿನ ಅಚ್ಚಿನ ಡಿಫರೆನ್ಷಿಯಲ್ಲು, ಉಪಕರಣವನ್ನೆತ್ತುವ ಹೈಡ್ರಾಲಿಕ್ ಪಂಪು ಮತ್ತು ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳು ಇವೆಲ್ಲವೂ ಒಂದೇ ಎಣ್ಣೆಯನ್ನು ಹಂಚಿಕೊಂಡು ಕೆಲಸಮಾಡುತ್ತವೆ. ಆ ಒಂದು ಎಣ್ಣೆಯು ಹಲ್ಲುಗಳ ನಡುವೆ ಪೊರೆಯಾಗಿ ನಿಂತು ಸವೆತವನ್ನು ತಡೆಯಬೇಕು, ಶಾಖವನ್ನು ಹೊತ್ತೊಯ್ಯಬೇಕು, ಪಂಪಿನ ಒತ್ತಡದಿಂದ ಲಿಫ್ಟನ್ನು ಮೇಲೆತ್ತಬೇಕು, ಬ್ರೇಕಿನ ತಟ್ಟೆಗಳನ್ನು ಜಾರಗೊಡದೆ ತಣ್ಣಗಿರಿಸಬೇಕು. ಆದಕಾರಣ ಎಣ್ಣೆ ಕೆಟ್ಟರೆ ಕೆಡುವುದು ಒಂದು ಭಾಗವಲ್ಲ.

ಗಟ್ಟಿಯಾಗಿ ಮುಚ್ಚಿದ ಪೆಟ್ಟಿಗೆಯೊಳಕ್ಕೆ ನೀರು ಹೇಗೆ ಹೋಗುವುದೆಂಬುದು ವಿಚಾರಿಸತಕ್ಕ ವಿಷಯ. ಕೆಸರಿನಲ್ಲಿ ಗಂಟೆಗಟ್ಟಲೆ ದುಡಿದಾಗ ಪೆಟ್ಟಿಗೆಯೂ ಅದರೊಳಗಿನ ಗಾಳಿಯೂ ಕಾಯುತ್ತವೆ. ಕಾದ ಗಾಳಿಯು ಹಿಗ್ಗಿ, ಮೇಲ್ಭಾಗದಲ್ಲಿರುವ ಉಸಿರುಗೊಳವೆಯ ಮೂಲಕ ಹೊರಕ್ಕೆ ಹೋಗುವುದು. ತರುವಾಯ ಟ್ರಾಕ್ಟರನ್ನು ತಣ್ಣೀರಿನಲ್ಲಿ ನಿಲ್ಲಿಸಿದರೆ, ಇಲ್ಲವೆ ಕಾದಿರುವಾಗಲೇ ಕೊಳವೆ ಹಿಡಿದು ತೊಳೆದರೆ, ಒಳಗಿನ ಗಾಳಿಯು ಒಮ್ಮೆಲೇ ಕುಗ್ಗಿ ಹೊರಗಿನದನ್ನು ಒಳಕ್ಕೆ ಸೆಳೆಯುವುದು. ಉಸಿರುಗೊಳವೆಯು ಶುದ್ಧವಾಗಿದ್ದರೆ ಗಾಳಿ ಬರುವುದು. ಅದು ಕೆಸರಿನಿಂದ ಕಟ್ಟಿಕೊಂಡಿದ್ದರೆ ಅಚ್ಚಿನ ಸೀಲುಗಳ ಅಂಚಿನಿಂದ ನೀರೇ ಬರುವುದು. ಕೇಜ್ ವೀಲುಗಳನ್ನು ಕಟ್ಟಿ ಆಳವಾದ ಕೆಸರಿನಲ್ಲಿ ಓಡಿಸುವಾಗ ಹಿಂದಿನ ಅಚ್ಚಿನ ಸೀಲುಗಳು ನೀರಿನ ಮಟ್ಟಕ್ಕೆ ಇಳಿಯುತ್ತವೆ. ಹುಲ್ಲು, ಮರಳು ಮತ್ತು ಪ್ಲಾಸ್ಟಿಕ್ ದಾರಗಳು ಸುತ್ತಿಕೊಂಡು ಅವುಗಳ ತುಟಿಯನ್ನು ಸವೆಸುತ್ತವೆ. ರೋಟವೇಟರಿಗೆ ಶಕ್ತಿಯನ್ನೊದಗಿಸುವ ಪಿ.ಟಿ.ಓ. ದಂಡದ ಸೀಲೂ ಹೀಗೆಯೇ ನೀರಿಗೆ ದಾರಿಯಾಗುವುದು. ಹೀಗಿರುವುದರಿಂದ ದಿನದ ಕೆಲಸ ಮುಗಿದೊಡನೆ ತೊಳೆಯುವ ಅಭ್ಯಾಸವು, ಶುಚಿಯ ದೃಷ್ಟಿಯಿಂದ ಎಷ್ಟೇ ಒಳ್ಳೆಯದಾದರೂ, ಯಂತ್ರವು ಆರುವವರೆಗೆ ಕಾಯುವುದು ಲೇಸು.

ನೀರು ಸೇರಿದ ಎಣ್ಣೆಯನ್ನು ಗುರುತಿಸುವುದು ಕಷ್ಟವಲ್ಲ. ಅಳತೆಕಡ್ಡಿಯನ್ನು ಹೊರಗೆಳೆದು ನೋಡಿದಾಗ ಎಣ್ಣೆಯು ಹಾಲು ಬೆರೆಸಿದ ಚಹದಂತೆ ಬೆಳ್ಳಗೆ ಕದಡಿದ್ದರೆ ನೀರು ಸೇರಿದೆಯೆಂದೇ ತಿಳಿಯಬೇಕು. ಸಂದೇಹವುಳ್ಳವರು ಸ್ವಲ್ಪ ಎಣ್ಣೆಯನ್ನು ಗಾಜಿನ ಸೀಸೆಯಲ್ಲಿ ಒಂದು ರಾತ್ರಿ ಅಲುಗಾಡದಂತೆ ಇರಿಸಿದರೆ ಅಡಿಯಲ್ಲಿ ನೀರು ಬೇರೆಯಾಗಿ ಕಾಣುವುದುಂಟು. ಆದರೆ ಈಗಿನ ಕೆಲವು ಎಣ್ಣೆಗಳು ನೀರನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುವುದರಿಂದ, ನೀರು ಬೇರೆಯಾಗಲಿಲ್ಲವೆಂಬ ಮಾತ್ರಕ್ಕೆ ಎಣ್ಣೆ ಶುದ್ಧವೆನ್ನಲಾಗದು. ಇನ್ನೊಂದು ಪರೀಕ್ಷೆಯು ಗೃಹಿಣಿಯರಿಗೆ ಚೆನ್ನಾಗಿ ಗೊತ್ತಿರುವುದೇ: ಒಲೆಯಿಂದ ಕೆಳಗಿಳಿಸಿದ ಹಳೆಯ ಕಾದ ತಗಡಿನ ಮೇಲೆ ಒಂದೇ ತೊಟ್ಟು ಹಾಕಿದಾಗ ಚಟಚಟನೆ ಸಿಡಿದರೆ ನೀರಿದೆ. ಅಡಿಗೆಯ ಹಂಚನ್ನು ಇದಕ್ಕೆ ತೆಗೆದುಕೊಳ್ಳಬಾರದು, ಮುಖವನ್ನು ದೂರವಿರಿಸಿಕೊಳ್ಳಬೇಕು.

ಎಣ್ಣೆಯನ್ನು ಎಷ್ಟು ಗಂಟೆಗಳಿಗೊಮ್ಮೆ ಬದಲಾಯಿಸಬೇಕೆಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಬೇಕು. ಬಹು ಮಾದರಿಗಳಲ್ಲಿ ಇದು ಸುಮಾರು 1000 ಗಂಟೆಗಳೆಂದಿರುತ್ತದೆ. ಹೊಸ ಟ್ರಾಕ್ಟರಿಗೆ ಮೊದಲ ಸಲ ಇದಕ್ಕಿಂತ ಬಹು ಮುಂಚೆಯೇ ಪರೀಕ್ಷೆಯಾಗಲಿ ಬದಲಾವಣೆಯಾಗಲಿ ಆಗಬೇಕು. ಆದರೆ ಈ ಗಂಟೆಗಳ ಲೆಕ್ಕವು ಎಣ್ಣೆಯು ನೀರಿಲ್ಲದೆ ಇದ್ದಲ್ಲಿ ಮಾತ್ರ ಸಲ್ಲತಕ್ಕದ್ದು. ಎಣ್ಣೆ ಬೆಳ್ಳಗಾದ ಮೇಲೆ, ಅದನ್ನು ಹಾಕಿ ನೂರು ಗಂಟೆಯಾಗಿರಲಿ ಒಂಬೈನೂರು ಗಂಟೆಯಾಗಿರಲಿ, ಬದಲಾಯಿಸದೆ ಗತ್ಯಂತರವಿಲ್ಲ. ನೀರು ಸೇರಿದ ಎಣ್ಣೆಯ ಪೊರೆಯು ಭಾರವನ್ನು ತಾಳಲಾರದು. ಬೇರಿಂಗುಗಳ ನುಣುಪಾದ ಮೈಯಲ್ಲಿ ತುಕ್ಕಿನ ಚುಕ್ಕೆಗಳು ಹುಟ್ಟಿ, ಮುಂದೆ ಅಲ್ಲಿಂದಲೇ ಲೋಹವು ಸಿಪ್ಪೆಯೇಳುವುದು. ನಾಟಿ ಮುಗಿದ ತಿಂಗಳಿನಲ್ಲಿ ಟ್ರಾಕ್ಟರು ಕೆಲಸವಿಲ್ಲದೆ ನಿಂತಿರುವಾಗಲೇ ಈ ತುಕ್ಕು ಹಿಡಿಯುತ್ತದೆ. ಆದುದರಿಂದ ಮುಂಗಾರಿನ ನಾಟಿ ಮುಗಿದಾಗ ಒಮ್ಮೆ, ಬೇಸಿಗೆಯ ನಾಟಿ ಮುಗಿದಾಗ ಒಮ್ಮೆ ತಪ್ಪದೆ ಅಳತೆಕಡ್ಡಿಯನ್ನು ನೋಡುವುದು ಯೋಗ್ಯ.

ಎಣ್ಣೆಯ ಆಯ್ಕೆಯಲ್ಲಿ ಅಂಗಡಿಯವನ ಮಾತಿಗಿಂತ ಕೈಪಿಡಿಯ ಮಾತೇ ಪ್ರಮಾಣ. ಕೆಲವು ಹಳೆಯ ಮಾದರಿಗಳಲ್ಲಿ ಗೇರಿಗೆ ದಪ್ಪನಾದ 90ರ ಎಣ್ಣೆ, ಹೈಡ್ರಾಲಿಕ್ಕಿಗೆ ತೆಳುವಾದದ್ದು, ಹೀಗೆ ಬೇರೆ ಬೇರೆ ಇರುತ್ತವೆ. ಎಲ್ಲಕ್ಕೂ ಒಂದೇ ಕವಚವಿರುವಲ್ಲಿ, ಮುಖ್ಯವಾಗಿ ಬ್ರೇಕುಗಳು ಎಣ್ಣೆಯಲ್ಲಿ ಮುಳುಗಿರುವಲ್ಲಿ, ಯು.ಟಿ.ಟಿ.ಓ. ಎಂಬ ಸರ್ವೋಪಯೋಗಿ ಟ್ರಾಕ್ಟರ್ ಎಣ್ಣೆಯನ್ನು ವಿಧಿಸಿರುತ್ತಾರೆ. ಅಲ್ಲಿ ಲಾರಿಯ ಗೇರಿನ ಎಣ್ಣೆಯನ್ನು ಹಾಕಿದರೆ ಬ್ರೇಕು ಕಿರುಗುಟ್ಟುವುದು ಅಥವಾ ಹಿಡಿಯದೆ ಹೋಗುವುದು. ತುಂಬಿದ ಟ್ರೇಲರಿನೊಡನೆ ದಿಬ್ಬವಿಳಿಯುವಾಗ ಇದು ಪ್ರಾಣಾಪಾಯದ ಸಂಗತಿ. ಆಟೋಮ್ಯಾಟಿಕ್ ಗೇರಿನ ಕಾರುಗಳಿಗೂ ಪಿಕಪ್ ಗಾಡಿಗಳಿಗೂ ಹಾಕುವ ಕೆಂಪು ಎಣ್ಣೆಯನ್ನು ಕೆಲವು ಟ್ರಾಕ್ಟರುಗಳ ಪವರ್ ಸ್ಟೀರಿಂಗಿನ ಚಿಕ್ಕ ಡಬ್ಬಿಗೆ ಹಾಕುವುದುಂಟು. ಅದನ್ನು ಗೇರುಪೆಟ್ಟಿಗೆಯ ಎಣ್ಣೆಯೆಂದು ಭ್ರಮಿಸಕೂಡದು.

ಇನ್ನು ಕೆಲಸದ ಕ್ರಮ. ಟ್ರಾಕ್ಟರನ್ನು ಅರ್ಧ ಗಂಟೆ ಓಡಿಸಿ ಎಣ್ಣೆ ಬೆಚ್ಚಗಾದ ಬಳಿಕ ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಬೇಕು. ಬೆಚ್ಚಗಿನ ಎಣ್ಣೆಯು ತೆಳುವಾಗಿದ್ದು, ತಳದ ಕಸವನ್ನೂ ತನ್ನೊಡನೆ ಹೊರಕ್ಕೆ ತರುವುದು; ಕೈ ಸುಡುವಷ್ಟು ಕಾದಿರಬಾರದು. ಉಪಕರಣವನ್ನು ಬಿಚ್ಚಿ ಲಿಫ್ಟನ್ನು ಪೂರ್ತಿಯಾಗಿ ಕೆಳಗಿಳಿಸಿದರೆ ಸಿಲಿಂಡರಿನಲ್ಲಿರುವ ಎಣ್ಣೆಯೂ ಪೆಟ್ಟಿಗೆಗೆ ಹಿಂದಿರುಗುವುದು. ಎಂಜಿನ್ನನ್ನು ನಿಲ್ಲಿಸಿ, ಕೈಬ್ರೇಕು ಹಾಕಿ, ಚಾವಿಯನ್ನು ತೆಗೆದು, ಗಾಲಿಗಳಿಗೆ ಎರಡು ಕಡೆಯೂ ಕಲ್ಲು ಕೊಡಬೇಕು. ಜಾಕಿನ ಮೇಲೆ ಮಾತ್ರ ನಿಂತಿರುವ ಟ್ರಾಕ್ಟರಿನ ಕೆಳಗೆ ಎಂದಿಗೂ ನುಗ್ಗಕೂಡದು.

ಇಲ್ಲಿ ಅನುಭವಿಗಳು ಪಾಲಿಸುವ ಒಂದು ನಿಯಮವಿದೆ. ಕೆಳಗಿನ ಪ್ಲಗ್ಗನ್ನು ಬಿಚ್ಚುವುದಕ್ಕೆ ಮೊದಲು ಎಣ್ಣೆ ತುಂಬುವ ಮೇಲಿನ ಬಾಯಿಯನ್ನು ಬಿಚ್ಚಿ ನೋಡತಕ್ಕದ್ದು. ಮೇಲಿನದು ತುಕ್ಕು ಹಿಡಿದು ಬಿಚ್ಚದೆ ಹೋದರೆ, ಎಣ್ಣೆಯನ್ನು ಇಳಿಸಿದ ಮೇಲೆ ಟ್ರಾಕ್ಟರು ಅಂಗಳದಲ್ಲಿಯೇ ಉಳಿಯುವುದು. ತೆರೆಯುವ ಮೊದಲು ಬಾಯಿಯ ಸುತ್ತಲಿನ ಮಣ್ಣನ್ನು ಬಟ್ಟೆಯಿಂದ ಒರೆಸಬೇಕೆಂಬುದು ಸಣ್ಣ ಮಾತಾದರೂ, ಇದನ್ನು ಮರೆತವರು ಹೊಸ ಎಣ್ಣೆಯೊಡನೆ ಗದ್ದೆಯ ಮರಳನ್ನೂ ಒಳಗೆ ಹಾಕುವರು. ಬಳಿಕ, ಅಳತೆಗೆ ಸರಿಯಾಗಿ ಕೂಡುವ ಪಾನಾದಿಂದ ಕೆಳಗಿನ ಪ್ಲಗ್ಗನ್ನು ಸಡಿಲಿಸಬೇಕು. ಮಾದರಿಗೆ ತಕ್ಕಂತೆ ಹಲವು ಹತ್ತು ಲೀಟರು ಎಣ್ಣೆ ಇಳಿಯುವುದರಿಂದ ಬಕೆಟ್ಟು ಸಾಲದು. ಅರ್ಧಕ್ಕೆ ಕೊಯ್ದ ಡ್ರಮ್ಮು ತಕ್ಕದ್ದು. ಗೇರಿನ ಕೆಳಗೊಂದು, ಹಿಂದಿನ ಕವಚದ ಕೆಳಗೊಂದು, ಕೆಲವು ಮಾದರಿಗಳಲ್ಲಿ ಎರಡು ಗಾಲಿಗಳ ಬಳಿಯೂ ಒಂದೊಂದು ಪ್ಲಗ್ಗಿರುತ್ತದೆ. ಒಂದನ್ನು ಮಾತ್ರ ಬಿಚ್ಚಿ ಎಣ್ಣೆಯೆಲ್ಲ ಇಳಿಯಿತೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ನೀರು ತಗ್ಗಾದ ಮೂಲೆಯಲ್ಲಿ ಉಳಿದು, ಹೊಸ ಎಣ್ಣೆಯನ್ನು ಮೊದಲ ದಿನವೇ ಬೆಳ್ಳಗೆ ಮಾಡುವುದು.

ಇಳಿದ ಎಣ್ಣೆಯನ್ನೂ ಪ್ಲಗ್ಗಿನ ಅಯಸ್ಕಾಂತವನ್ನೂ ನಿಧಾನವಾಗಿ ಪರೀಕ್ಷಿಸಬೇಕು. ಅಯಸ್ಕಾಂತಕ್ಕೆ ಕಾಡಿಗೆಯಂತಹ ನುಣ್ಣನೆಯ ಬೂದುಬಣ್ಣದ ಲೇಪ ಅಂಟಿದ್ದರೆ ಭಯವಿಲ್ಲ. ಅದು ಸಹಜವಾದ ಸವೆತ. ಹೊಳೆಯುವ ಚೂರುಗಳು, ಸಿಪ್ಪೆಗಳು, ಹಲ್ಲಿನ ತುಂಡುಗಳು ಸಿಕ್ಕಿದರೆ ಎಣ್ಣೆ ತುಂಬುವುದನ್ನು ಅಲ್ಲಿಗೇ ನಿಲ್ಲಿಸಿ ಬಲ್ಲವರನ್ನು ಕರೆಯಬೇಕು. ಈ ಸೀಮೆಯಲ್ಲಿ ಅಂಥವರಿಗೆ ಕೊರತೆಯಿಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತು ಯಂತ್ರಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳುಹಿಸಿತು. ಕಾರ್ಖಾನೆಯು ಈಗ ಮುಚ್ಚಿಹೋಗಿದ್ದರೂ, ಹಲ್ಲುಚಕ್ರದ ಸದ್ದನ್ನು ಕೇಳಿಯೇ ಅದರ ರೋಗವನ್ನು ಹೇಳಬಲ್ಲ ಕೈಗಳು ಊರಿನಲ್ಲಿ ಉಳಿದಿವೆ.

ಹೈಡ್ರಾಲಿಕ್ ಫಿಲ್ಟರನ್ನು ಇದೇ ವೇಳೆಯಲ್ಲಿ ಬದಲಾಯಿಸಬೇಕು. ತಂತಿಯ ಜಾಲರಿಯಾದರೆ ತೊಳೆದು ಒಣಗಿಸಿ ಹಾಕಬೇಕು. ಉಸಿರುಗೊಳವೆಯನ್ನು ಬಿಚ್ಚಿ, ಗಾಳಿಯಾಡುವಂತೆ ಶುದ್ಧಿಮಾಡಬೇಕು. ಸೀಮೆಎಣ್ಣೆಯನ್ನೋ ಡೀಸಲನ್ನೋ ತುಂಬಿ ಟ್ರಾಕ್ಟರನ್ನು ಓಡಿಸಿ ತೊಳೆಯುವ ರೂಢಿಯು ಒಳ್ಳೆಯದಲ್ಲ. ಅದು ಮೂಲೆಗಳಲ್ಲಿ ಉಳಿದು ಹೊಸ ಎಣ್ಣೆಯನ್ನು ತೆಳುವಾಗಿಸುವುದು. ನೀರು ಬಹಳವಾಗಿ ಸೇರಿದ್ದರೆ ಅದೇ ಜಾತಿಯ ಎಣ್ಣೆಯನ್ನೇ ತುಂಬಿ, ಭಾರವಿಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಇಳಿಸಿಬಿಡಬೇಕು. ಇದು ದುಬಾರಿ ಎನ್ನುವವರು ಬೇರಿಂಗುಗಳ ಬೆಲೆಯನ್ನು ವಿಚಾರಿಸಿಕೊಂಡು ಬರಲಿ.

ಪ್ಲಗ್ಗುಗಳಿಗೆ ಹೊಸ ವಾಷರುಗಳನ್ನಿಟ್ಟು ಬಿಗಿಯಬೇಕು. ಮೈಬಲವನ್ನೆಲ್ಲ ಪಾನಾದ ಮೇಲೆ ತೋರಿಸಿದರೆ ಕವಚದ ಮರೆಸುತ್ತುಗಳು ಕೆಟ್ಟುಹೋಗುತ್ತವೆ. ತರುವಾಯ ಶುದ್ಧವಾದ ಲಾಳಿಕೆಯಿಂದ, ಕೈಪಿಡಿಯಲ್ಲಿ ಹೇಳಿದ ಪ್ರಮಾಣಕ್ಕೆ ಸ್ವಲ್ಪ ಕಡಿಮೆಯಾಗಿ ಎಣ್ಣೆ ತುಂಬಿ, ಎಂಜಿನ್ನನ್ನು ನಡೆಸಿ, ಲಿಫ್ಟನ್ನು ನಾಲ್ಕಾರು ಸಲ ಏರಿಸಿ ಇಳಿಸಬೇಕು. ಲಿಫ್ಟನ್ನು ಕೆಳಗಿಳಿಸಿ, ಎಂಜಿನ್ನನ್ನು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಅಳತೆಕಡ್ಡಿಯನ್ನು ನೋಡಿ ಉಳಿದುದನ್ನು ಸೇರಿಸಬೇಕು. ಮೇಲಿನ ಗೆರೆಯನ್ನು ದಾಟಕೂಡದು; ಹೆಚ್ಚಾದ ಎಣ್ಣೆಯು ಕಡೆದು ನೊರೆಯಾಗಿ ಕಾಯುವುದು, ಸೀಲುಗಳಿಂದ ಸೋರುವುದು. ಕಡಿಮೆಯಾದರೆ ಲಿಫ್ಟು ನಡುಗುತ್ತ ಏಳುವುದು. ಕೆಲವೇ ದಿನಗಳಲ್ಲಿ ಎಣ್ಣೆ ಮತ್ತೆ ಬೆಳ್ಳಗಾದರೆ ಸೀಲು ಸವೆದಿದೆಯೆಂದೇ ಅರ್ಥ. ಅದನ್ನು ಬದಲಾಯಿಸದೆ ಎಣ್ಣೆಯನ್ನು ಎಷ್ಟು ಸಲ ಬದಲಾಯಿಸಿದರೂ ಫಲವಿಲ್ಲ.

ಹಳೆಯ ಎಣ್ಣೆಯ ವಿಷಯದಲ್ಲಿ ಎರಡು ಮಾತುಗಳನ್ನು ಹೇಳಬೇಕಾಗಿದೆ. ಇದನ್ನು ಬದುವಿನ ಮೇಲೆ ಕಳೆ ಸಾಯಲೆಂದು ಚೆಲ್ಲುವುದೂ, ಉಣ್ಣೆಗಳಿಗೆಂದು ದನಗಳ ಮೈಗೆ ಬಳಿಯುವುದೂ ಕೆಲವೆಡೆ ಕಂಡುಬರುತ್ತದೆ. ಬದುವಿನ ಮೇಲೆ ಬಿದ್ದದ್ದು ಗದ್ದೆಗೂ, ಗದ್ದೆಯಿಂದ ಬಸಿಗಾಲುವೆಗೂ, ಅಲ್ಲಿಂದ ಕುಡಿಯುವ ನೀರಿಗೆ ಆಧಾರವಾದ ತುಂಗಭದ್ರೆಗೂ ಸೇರುವುದು. ದನಗಳು ತಮ್ಮ ಮೈಯನ್ನು ನೆಕ್ಕಿಕೊಳ್ಳುವುದರಿಂದ ಬಳಿದದ್ದು ಹೊಟ್ಟೆಗೆ ಹೋಗುವುದು. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿರುತ್ತದೆ. ನೀರು ಸೇರಿದ್ದರೂ ಚಿಂತೆಯಿಲ್ಲ, ಮುಚ್ಚಳವಿರುವ ಡಬ್ಬಿಗಳಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದಂತಿರಿಸಿ, ಹಳೆಯ ಎಣ್ಣೆಯನ್ನು ಶುದ್ಧೀಕರಣಕ್ಕೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸತಕ್ಕದ್ದು. ಬದಲಾಯಿಸಿದ ತಾರೀಖನ್ನೂ, ಮೀಟರಿನ ಗಂಟೆಗಳನ್ನೂ, ಎಣ್ಣೆಯ ಹೆಸರನ್ನೂ ಟ್ರಾಕ್ಟರಿನ ಮಡ್‌ಗಾರ್ಡಿನ ಒಳಮೈಯಲ್ಲಿ ಬಣ್ಣದಿಂದ ಬರೆದಿಟ್ಟರೆ, ಕಾಗದದಂತೆ ಕಳೆದುಹೋಗುವುದಿಲ್ಲ. ಬಾಡಿಗೆಗೆ ಓಡಿಸುವ ಚಾಲಕನ ಕಣ್ಣಿಗೂ ಬೀಳುವುದು.