ಕಂಡವರಿಲ್ಲದ ಕೊಲೆಗೆ ಸಾಕ್ಷ್ಯ ಯಾವುದು?

ಪ್ರಶ್ನೆ: ಕೊಲೆಯನ್ನು ಕಣ್ಣಾರೆ ಕಂಡವರೇ ಇಲ್ಲದಿದ್ದರೂ ಜೀವಾವಧಿ, ಗಲ್ಲು ವಿಧಿಸುತ್ತಾರೆ. ಇದು ಬರೀ ಊಹೆಯ ಮೇಲೆ ಕೊಟ್ಟ ಶಿಕ್ಷೆಯಲ್ಲವೇ ಸಾರ್?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹಾಗಾಗಬಾರದೆಂದೇ ಸುಪ್ರೀಂ ಕೋರ್ಟ್ 1984ರ ಶರದ್ ಸಾರ್ಡಾ ತೀರ್ಪಿನಲ್ಲಿ ಕಟ್ಟುನಿಟ್ಟು ಮಾಡಿತು. ಒಂದೊಂದು ಸಂದರ್ಭವೂ ಮೊದಲು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಎಲ್ಲವೂ ಕೂಡಿ ಆರೋಪಿಯ ಕಡೆಗೆ ಮಾತ್ರ ಬೆರಳು ತೋರಬೇಕು. ಅವನು ನಿರಪರಾಧಿ ಇರಬಹುದು ಎನ್ನುವುದಕ್ಕೆ ಸಮಂಜಸವಾದ ಒಂದು ದಾರಿಯೂ ಉಳಿದಿರಬಾರದು. ಆ ಪ್ರಕರಣದಲ್ಲಿ ಹೆಂಡತಿ ಸತ್ತದ್ದು ಪೊಟ್ಯಾಷಿಯಂ ಸಯನೈಡಿನಿಂದ. ಕೆಳಗಿನ ಎರಡೂ ಕೋರ್ಟುಗಳು ಗಂಡನಿಗೆ ಗಲ್ಲು ಎಂದಿದ್ದವು. ಆಕೆ ತಾನೇ ವಿಷ ತೆಗೆದುಕೊಂಡಿರಬಹುದು ಎಂಬುದನ್ನು ತಳ್ಳಿಹಾಕಲಾಗದೆ ಸುಪ್ರೀಂ ಕೋರ್ಟ್ ಅವನನ್ನು ಬಿಟ್ಟಿತು. ಆರೋಪಿ ಸುಳ್ಳು ಹೇಳಿದ ಮಾತ್ರಕ್ಕೆ ಪ್ರಾಸಿಕ್ಯೂಷನ್ನಿನ ಕೊರತೆ ತುಂಬುವುದಿಲ್ಲ. ಸರಪಳಿ ಆಗಲೇ ಪೂರ್ತಿಯಾಗಿದ್ದರೆ ಆ ಸುಳ್ಳು ಇನ್ನೊಂದು ಕೊಂಡಿಯಾದೀತು, ಅಷ್ಟೇ.

ಸುಳ್ಳು ಹಾಗೆ ಕೊಂಡಿಯಾದದ್ದನ್ನು ನೋಡಬೇಕಾದರೆ ನಮ್ಮ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣವನ್ನೇ ಓದಿ. ದಿವಾನ್ ಮನೆತನದ ಮಹಿಳೆ 1991ರ ಮೇ ತಿಂಗಳಲ್ಲಿ ಕಾಣೆಯಾದರು. ಕೇಳಿದ ಮಗಳಿಗೆ ಆ ಮಹಿಳೆಯ ಗಂಡ ಶ್ರದ್ಧಾನಂದ ಒಮ್ಮೆ ಹೈದರಾಬಾದ್ ಎಂದ, ಒಮ್ಮೆ ಅಮೆರಿಕದ ಆಸ್ಪತ್ರೆ ಎಂದ. ಮಗಳು ವಿಚಾರಿಸಿದರೆ ಆ ಆಸ್ಪತ್ರೆಯಲ್ಲಿ ಅಂಥ ರೋಗಿಯೇ ಇಲ್ಲ! ಇತ್ತ ಆತ ಆಕೆಯ ಆಸ್ತಿಯನ್ನು ಮಾರುತ್ತಿದ್ದ. 1994ರ ಮಾರ್ಚಿನಲ್ಲಿ ಅವನೇ ತೋರಿಸಿದ ಜಾಗ, ರಿಚ್ಮಂಡ್ ರಸ್ತೆಯ ಮನೆಯಂಗಳ, ಅಗೆದಾಗ ಪೆಟ್ಟಿಗೆಯಲ್ಲಿ ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ ಎಂದು ತೋರಿಸಲು ವಿಜ್ಞಾನ ಬೇಕಾಯಿತು. ಆದರೆ ಹೂತಿಟ್ಟ ಜಾಗ ಅವನಿಗೆ ಹೇಗೆ ಗೊತ್ತು ಎಂಬ ಪ್ರಶ್ನೆಗೆ ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಉಸಿರಿರುವವರೆಗೂ ಜೈಲು ಎಂದಿತು.

ಪ್ರಶ್ನೆ: ನಮ್ಮೂರಿನ ಕೊಲೆ ಕೇಸಿನಲ್ಲಿ ನಾನು ಪಂಚ. ಮಚ್ಚು ಸಿಕ್ಕಿದ ಜಾಗಕ್ಕೆ ನಾನು ಹೋಗಿಯೇ ಇಲ್ಲ, ಠಾಣೆಯಲ್ಲೇ ಮಹಜರಿಗೆ ಸಹಿ ಹಾಕಿಸಿಕೊಂಡರು. ಮಚ್ಚಿನ ಮೇಲೆ ಮನುಷ್ಯರ ರಕ್ತ ಇದೆ ಎಂದು ಎಫ್‌ಎಸ್‌ಎಲ್ ವರದಿ ಬಂದಿದೆಯಂತೆ. ಈಗ ಸಮನ್ಸ್ ಬಂದಿದೆ. ನಿಜ ಹೇಳಿದರೆ ಕೇಸು ಬಿದ್ದುಹೋಗುತ್ತದೆ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಕಂಡದ್ದನ್ನು ಕಂಡಷ್ಟೇ ಹೇಳಿ. ಪ್ರಮಾಣ ಮಾಡಿ ಸುಳ್ಳು ಹೇಳುವುದು ಅಪರಾಧ. ನೀವು ‘ನಾನು ಅಲ್ಲಿಗೆ ಹೋಗಿರಲಿಲ್ಲ’ ಎಂದರೆ ಸರ್ಕಾರಿ ವಕೀಲರು ನಿಮ್ಮನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಲು ಕೇಳಿಕೊಂಡು ಪಾಟೀಸವಾಲು ಮಾಡಬಹುದು. ಹೆದರಬೇಡಿ, ಅದೇನೂ ಶಿಕ್ಷೆಯಲ್ಲ.

ಕೇಸು ಬಿದ್ದರೆ ಅದು ನಿಮ್ಮಿಂದಲ್ಲ, ಆ ಸಹಿ ಹಾಕಿಸಿಕೊಂಡ ರೀತಿಯಿಂದ. ಪೊಲೀಸರೆದುರು ಆರೋಪಿ ಕೊಟ್ಟ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಅವನ ಮಾತಿನಿಂದ ಒಂದು ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಮು ಎಂದರೆ ಇದೇ. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನೊಳಗೆ ಸೇರಿದೆ. ಮಚ್ಚು ಸಿಕ್ಕಿತು ಎಂಬುದಷ್ಟೇ ಸಾಲದು, ಅದು ಅಲ್ಲಿದೆ ಎಂದು ಇವನಿಗೆ ಗೊತ್ತಿತ್ತು ಎಂಬುದೇ ಮುಖ್ಯ. ಅದಕ್ಕೆ ಎದುರಿಗೆ ನಿಂತು ನೋಡಬೇಕಾದವರು ನೀವು.

ಇನ್ನು ಆ ವರದಿ. ‘ಮನುಷ್ಯರ ರಕ್ತ’ ಎಂದರೆ ಯಾರ ರಕ್ತ? ಗುಂಪು ಹೊಂದಿತೇ, ಡಿಎನ್‌ಎ ಮಾಡಿಸಿದರೇ? ಮಾಡಿಸಿದ್ದರೂ ಅದು ಮಚ್ಚಿಗೂ ಸತ್ತವನಿಗೂ ನಂಟು ಹೇಳೀತು, ಮಚ್ಚು ಹಿಡಿದ ಕೈ ಯಾರದೆಂದಲ್ಲ. ಎಫ್‌ಎಸ್‌ಎಲ್ ವರದಿ ಬಂದರೆ ಕೇಸು ಮುಗಿಯಿತು ಎಂಬ ನಂಬಿಕೆ ಟೀವಿ ಧಾರಾವಾಹಿಯವರು ಕೊಟ್ಟ ಪ್ರಸಾದ. ದೆಹಲಿಯ ಛಾವ್ಲಾ ಅತ್ಯಾಚಾರ–ಕೊಲೆ ಪ್ರಕರಣದಲ್ಲಿ ಡಿಎನ್‌ಎ ವರದಿಯಿತ್ತು, ಮೂವರಿಗೆ ಗಲ್ಲೂ ಆಗಿತ್ತು. ಆದರೆ 2012ರ ಫೆಬ್ರವರಿ 14 ಮತ್ತು 16ರಂದು ಜಪ್ತಾದ ಮಾದರಿಗಳು 27ರವರೆಗೆ ಠಾಣೆಯ ಮಾಲ್‌ಖಾನೆಯಲ್ಲೇ ಇದ್ದವು. ಅಷ್ಟು ದಿನ ಅವನ್ನು ಯಾರೂ ಮುಟ್ಟಿರಲಿಲ್ಲ ಎಂದು ಹೇಳುವವರಾರು? 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೂವರನ್ನೂ ಬಿಟ್ಟಿತು. ಸತ್ತ ಹುಡುಗಿಯ ತಂದೆತಾಯಿಗೆ ಅದೆಂಥ ಸಂಕಟ ಎಂದು ನನಗೂ ಅನಿಸುತ್ತದೆ, ಆದರೂ ಆ ಪ್ರಶ್ನೆಯನ್ನು ಕೇಳದೆ ಬಿಡಲಾಗದು.

2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ, ಜಪ್ತಿ, ಸಾಕ್ಷಿಗಳು ಸಹಿ ಹಾಕುವುದು, ಎಲ್ಲವನ್ನೂ ವಿಡಿಯೊ ಮಾಡಬೇಕು. ಸರಿಯಾಗಿ ಪಾಲಿಸಿದರೆ ಠಾಣೆಯ ಮೇಜಿನ ಮೇಲಿನ ಮಹಜರು ಕಷ್ಟ. ಪಾಲಿಸಿದರೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಮಂಪರು ಪರೀಕ್ಷೆ ಮಾಡಿಸಿದರೆ ಸತ್ಯ ಹೊರಬರುವುದಿಲ್ಲವೇ?
– ಓದುಗ, ಶಿರಸಿ

ಉತ್ತರ: ಬಲವಂತವಾಗಿ ಮಾಡಿಸುವಂತಿಲ್ಲ. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಣ ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿಯಾಗಿದೆ. ಸುಳ್ಳುಪತ್ತೆ ಯಂತ್ರಕ್ಕೂ ಬ್ರೇನ್ ಮ್ಯಾಪಿಂಗಿಗೂ ಅದೇ ನಿಯಮ. ಆರೋಪಿ ಒಪ್ಪಿ ಮಾಡಿಸಿಕೊಂಡರೂ ಮಂಪರಿನಲ್ಲಿ ಆಡಿದ ಮಾತು ಸಾಕ್ಷ್ಯವಲ್ಲ. ಆ ಮಾತು ಹಿಡಿದು ಹೋದಾಗ ಏನಾದರೂ ಸಿಕ್ಕರೆ ಅದನ್ನು ಹಳೆಯ 27ನೇ, ಈಗಿನ 23ನೇ ಕಲಮಿನಡಿ ಮುಂದಿಡಬಹುದು. ಆಗಲೂ ದಾವಣಗೆರೆಯ ಈ ಓದುಗರಂಥ ಇಬ್ಬರು ಪಂಚರು ಬೇಕಾಗುತ್ತಾರೆ.