ಲೇಬಲ್ಲೂ ಜಾಹೀರಾತೇ: ಗ್ರಾಹಕ ಕಾನೂನು ಮತ್ತು ನಮ್ಮ ಅಂಗಡಿಗಳು

ಜಾಹೀರಾತು ಎಂದೊಡನೆ ನಮ್ಮ ವರ್ತಕ ಬಾಂಧವರ ಕಣ್ಣಮುಂದೆ ಬರುವುದು ದೂರದರ್ಶನದ ಪರದೆ ಅಥವಾ ದಿನಪತ್ರಿಕೆಯ ಪೂರ್ಣಪುಟ. ಅದು ದೊಡ್ಡ ಕಂಪನಿಗಳ ವ್ಯವಹಾರವೇ ಹೊರತು ಗೋಕಾಕದ ಕರದಂಟಿನ ಅಂಗಡಿಗೋ ಮೂಡಲಗಿಯ ಬೆಲ್ಲದ ಗಾಣಕ್ಕೋ ಸಂಬಂಧಿಸಿದ್ದಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಜಾಹೀರಾತಿಗೆ ಕೊಟ್ಟಿರುವ ಅರ್ಥ ಬಹಳ ವಿಶಾಲವಾದುದು. ಸೂಚನಾಪತ್ರ, ಸುತ್ತೋಲೆ, ಲೇಬಲ್, ಹೊದಿಕೆ, ಬಿಲ್ಲು ಇವೆಲ್ಲವೂ ಆ ವ್ಯಾಖ್ಯೆಯೊಳಗೆ ಸೇರಿವೆ. ಅರ್ಧ ಕಿಲೋ ಡಬ್ಬಿಯ ಮೇಲೆ ಅಚ್ಚಾದ ಎರಡು ಸಾಲು ಕೂಡ ಕಾನೂನಿನ ದೃಷ್ಟಿಯಲ್ಲಿ ಜಾಹೀರಾತೇ.

ಸರಕನ್ನು ಸುಳ್ಳಾಗಿ ವರ್ಣಿಸುವುದು, ಅದರ ಸ್ವರೂಪ, ಪ್ರಮಾಣ ಅಥವಾ ಗುಣಮಟ್ಟದ ಬಗ್ಗೆ ತಪ್ಪು ಕಲ್ಪನೆ ಮೂಡಿಸುವುದು, ಮುಖ್ಯ ಸಂಗತಿಯನ್ನು ಬೇಕೆಂದೇ ಮರೆಮಾಚುವುದು ಇವು ದಾರಿ ತಪ್ಪಿಸುವ ಜಾಹೀರಾತಿನ ಲಕ್ಷಣಗಳು. ಅಂಟನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿಗಳೊಡನೆ ಬೆಲ್ಲದ ಪಾಕಕ್ಕೆ ಸೇರಿಸುವುದು ಕರದಂಟಿನ ರೀತಿ. ಡಬ್ಬಿಯ ಮುಂಭಾಗದಲ್ಲಿ ‘ಶುದ್ಧ ತುಪ್ಪದಲ್ಲಿ ತಯಾರಿಸಿದ್ದು’ ಎಂದು ದಪ್ಪಕ್ಷರದಲ್ಲಿದ್ದು, ಹಿಂಭಾಗದ ಘಟಕಾಂಶಗಳ ಪಟ್ಟಿಯಲ್ಲಿ ವನಸ್ಪತಿ ಎಂದಿದ್ದರೆ ಗ್ರಾಹಕನು ಬೇರೆ ಸಾಕ್ಷ್ಯವನ್ನು ಹುಡುಕಬೇಕಾಗಿಲ್ಲ. ‘ಬಲು ರುಚಿ’ ಎಂದು ಹೊಗಳಿಕೊಂಡರೆ ಯಾರೂ ಆಕ್ಷೇಪಿಸರು. ‘ಶುದ್ಧ ತುಪ್ಪ’ ಎಂಬುದು ಹೊಗಳಿಕೆಯಲ್ಲ, ಪರೀಕ್ಷಿಸಿ ನೋಡಬಹುದಾದ ಹೇಳಿಕೆ.

ಬೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಬಳಸಿದ ಬೆಲ್ಲವನ್ನು ‘ರಾಸಾಯನಿಕ ಮುಕ್ತ’ ಎಂದು ಮಾರುವುದು ಸುಳ್ಳು ವರ್ಣನೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹೆಸರು ಮೆಣಸಿನಕಾಯಿಗೇ ಅಂಟಿಕೊಂಡಿದೆ. ಅದರ ಖಾರ ಬಲ್ಲವರು ಬಲ್ಲರು. ಹಾಗಿದ್ದೂ ಬೇರೆ ಮೆಣಸಿನಕಾಯಿಯ ಪುಡಿಗೆ ‘ಬ್ಯಾಡಗಿ’ ಎಂಬ ಚೀಟಿ ಹಚ್ಚುವ ಮೋಹವೇಕೋ ತಿಳಿಯದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿರುವುದರಿಂದ ಅಲ್ಲಿ ಇನ್ನೊಂದು ಕಾನೂನೂ ಎದುರಾಗುತ್ತದೆ.

ನಮ್ಮಲ್ಲಿ ಅನೇಕ ತಪ್ಪುಗಳು ದುರುದ್ದೇಶದಿಂದ ಆಗುವುದಿಲ್ಲ. ಮುದ್ರಣಾಲಯಕ್ಕೆ ಹೋಗಿ ಇನ್ನೊಬ್ಬರ ಡಬ್ಬಿಯನ್ನು ಮುಂದಿಟ್ಟು ‘ಇದರಂತೆಯೇ ಮಾಡಿಕೊಡಿ’ ಎನ್ನುವ ರೂಢಿಯೇ ಹೆಚ್ಚಿನ ಅನರ್ಥಕ್ಕೆ ಮೂಲ. ಅವರು ಮಾಡಿದ ಹೇಳಿಕೆಗೆ ನಾವು ಹೊಣೆಗಾರರಾಗುತ್ತೇವೆ.

ಸಣ್ಣ ಪೊಟ್ಟಣಕ್ಕೆ ಯಾರು ದೂರು ಕೊಡುತ್ತಾರೆ ಎನ್ನುವವರು ತಮಿಳುನಾಡಿನ ತಿರುವಳ್ಳೂರು ಜಿಲ್ಲಾ ಗ್ರಾಹಕ ಆಯೋಗದ 2023ರ ಆದೇಶವನ್ನು ಗಮನಿಸಬೇಕು. ಹೊದಿಕೆಯ ಮೇಲೆ 16 ಬಿಸ್ಕತ್ತು ಎಂದಿದ್ದು ಒಳಗೆ 15 ಇದ್ದವು. ಮಾರಾಟ ತೂಕದ ಮೇಲೆ, ಎಣಿಕೆಯ ಮೇಲಲ್ಲ ಎಂದು ಐಟಿಸಿ ಸಂಸ್ಥೆ ವಾದಿಸಿತು. ಆಯೋಗ ಅದನ್ನೊಪ್ಪದೆ ದೂರುದಾರನಿಗೆ 1 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು.

ಹಿಂದೆ, 1986ರ ಕಾಯಿದೆಯ ಕಾಲದಲ್ಲಿ, ಗ್ರಾಹಕನು ಸಾಮಾನ್ಯವಾಗಿ ಮಾರಾಟಗಾರನ ಊರಿನ ವೇದಿಕೆಗೇ ಬರಬೇಕಾಗಿತ್ತು. ಈಗ ಅವನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಗೋಕಾಕದ ಡಬ್ಬಿ ಪುಣೆಗೆ ಹೋದರೆ ನೋಟೀಸು ಪುಣೆಯಿಂದ ಬರುತ್ತದೆ. ಸರಕಿಗೆ ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ನೋಟೀಸು ಕೈಸೇರಿದ 30 ದಿನಗಳೊಳಗೆ ಉತ್ತರಿಸಬೇಕು; ಆಯೋಗ ಹೆಚ್ಚೆಂದರೆ ಇನ್ನೂ 15 ದಿನ ಕೊಡಬಹುದು. ಕಾಗದವನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟು ಮರೆತರೆ ಪ್ರಕರಣ ಏಕಪಕ್ಷೀಯವಾಗಿ ತೀರ್ಮಾನವಾಗುತ್ತದೆ. ಹಣ ವಾಪಸಾತಿ, ಪರಿಹಾರಗಳಲ್ಲದೆ, ಸ್ವಂತ ಖರ್ಚಿನಲ್ಲಿ ತಿದ್ದುಪಡಿ ಜಾಹೀರಾತು ಪ್ರಕಟಿಸುವಂತೆಯೂ ಆಯೋಗ ಆದೇಶಿಸಬಹುದು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಅದರ ನಷ್ಟ ಪರಿಹಾರದ ಮೊತ್ತಕ್ಕಿಂತ ದೊಡ್ಡದು. ಇದಲ್ಲದೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ತಪ್ಪಿಗೆ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಲ್ಲದು.

ಹಬ್ಬದ ಕರಪತ್ರಗಳಿಗೆ 2022ರ ಜೂನ್‌ನಲ್ಲಿ ಹೊರಟ ಮಾರ್ಗಸೂಚಿಗಳು ಅನ್ವಯಿಸುತ್ತವೆ. ಸಾಕಷ್ಟು ದಾಸ್ತಾನಿಲ್ಲದೆ ಅಗ್ಗದ ಬೆಲೆ ಸಾರಿ ಗಿರಾಕಿಯನ್ನು ಸೆಳೆಯುವಂತಿಲ್ಲ. ರಿಯಾಯಿತಿಯ ಘೋಷಣೆ ಕನ್ನಡದಲ್ಲಿದ್ದರೆ ಅದರ ಷರತ್ತೂ ಕನ್ನಡದಲ್ಲಿಯೇ, ಅದೇ ಅಕ್ಷರ ಮಾದರಿಯಲ್ಲಿ ಇರಬೇಕು.

ತಯಾರಕರಲ್ಲದ ವ್ಯಾಪಾರಿಗಳೂ ನಿಶ್ಚಿಂತರಾಗುವಂತಿಲ್ಲ. ತಯಾರಕನು ಕೊಡದ ಖಾತರಿಯನ್ನು ಪಂಪ್‌ಸೆಟ್ ವ್ಯಾಪಾರಿ ತಾನಾಗಿ ಬಿಲ್ಲಿನಲ್ಲಿ ಬರೆದುಕೊಟ್ಟು, ಯಂತ್ರ ಹಾಗಿಲ್ಲದೆ ಗಿರಾಕಿಗೆ ಹಾನಿಯಾದರೆ ಹೊಣೆ ಅವನದೇ. ಬೀಜ ಕೊಂಡ ರೈತನು ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಸ್ಪಷ್ಟಪಡಿಸಿದೆ. ಮರುಮಾರಾಟಕ್ಕಾಗಿ ಸರಕು ಕೊಳ್ಳುವ ವರ್ತಕನಿಗೆ ಮಾತ್ರ ಈ ಕಾಯಿದೆಯ ರಕ್ಷಣೆ ಇಲ್ಲ. ಸಗಟು ವ್ಯಾಪಾರಿಯಿಂದ ಮೋಸಹೋದರೆ ಅವನು ಸಿವಿಲ್ ನ್ಯಾಯಾಲಯದ ದಾರಿ ಹಿಡಿಯಬೇಕಾದೀತು. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಯಂತ್ರ ಕೊಂಡು ತಾನೇ ಬಳಸುವವನು ಗ್ರಾಹಕನಾಗಿಯೇ ಉಳಿಯುತ್ತಾನೆ.

ದೂರು ಕೊಡಲು ಗ್ರಾಹಕನಿಗೆ ಎರಡು ವರ್ಷಗಳ ಅವಧಿಯಿದೆ. ಆದುದರಿಂದ ತುಪ್ಪ ಖರೀದಿಸಿದ ಬಿಲ್ಲು, ಪರೀಕ್ಷಾ ವರದಿ, ಪ್ರತಿ ಬಾರಿ ಅಚ್ಚುಹಾಕಿಸಿದ ಲೇಬಲ್ಲಿನ ಒಂದು ಮಾದರಿ ಇವನ್ನು ಆ ಡಬ್ಬಿ ಮಾರಾಟವಾದ ದಿನದಿಂದ ಕನಿಷ್ಠ ಅಷ್ಟು ಕಾಲವಾದರೂ ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು.